ಮೂರು ಕಂಬಿ ಹೆಚ್ಚಿಗೆ

ಕಾರಿನಲ್ಲಿ ಬರುವುದಿಲ್ಲ ಎಂದು ಇಂಜಿನಿಯರ್ ಶ್ರೀಗೌರಿ ಒರಟಾಗಿ ಹೇಳಿದ್ದರೆ ಹರಿಪ್ರಸಾದನಿಗೆ ಸಿಟ್ಟು ಮಾಡಿಕೊಳ್ಳುವ ಸುಖವಾದರೂ ಸಿಗುತ್ತಿತ್ತು. ಅವಳು ನಗುತ್ತಲೇ ಹೇಳಿದಳು. “ನನ್ನ ಸ್ಕೂಟರ್ ಇದೆ ಸಾರ್. ನೀವು ಹೋಗ್ತಾ ಇರಿ, ನಾನು ಹಿಂದೆ ಬರ್ತೀನಿ.” ತಾನು ಪರೀಕ್ಷಿಸಬೇಕಾದ ಕಟ್ಟಡದ ನಕ್ಷೆಗಳನ್ನು ತೆಗೆದುಕೊಂಡು ಹೋಗಲು ಗೋಪಾಳದ ಅವನ ಮನೆಗೆ ಬಂದವಳು ಗೇಟಿನೊಳಗೆ ಕಾಲಿಡಲಿಲ್ಲ, ಹೆಲ್ಮೆಟ್ ತೆಗೆಯಲಿಲ್ಲ. ತಟ್ಟೆಯಲ್ಲಿ ಎರಡು ಲೋಟ ಕಾಫಿ ಹಿಡಿದು ಬಂದ ವೀಣಾ ಒಂದನ್ನು ಹಾಗೆಯೇ ವಾಪಸು ಒಯ್ಯಬೇಕಾಯಿತು. “ತಪ್ಪು ತಿಳ್ಕೋಬೇಡಿ ಆಂಟಿ. ಕಟ್ಟಡ ನೋಡೋ ಕೆಲಸ ಮುಗಿಯೋವರೆಗೂ, ಕಟ್ಟಿಸಿದೋರು ಯಾರೇ ಇರ್ಲಿ, ಅವರ ಕಡೆಯಿಂದ ಏನೂ ತಗೊಳಲ್ಲ. ಅದೊಂದು ರೂಢಿ.” ಅವರ ಕಡೆಯಿಂದ. ಹರಿಪ್ರಸಾದ ತನ್ನ ಪಾಲಿನ ಕಾಫಿಯನ್ನು ನಿಂತಲ್ಲೇ ಕುಡಿದು ನಾಲಿಗೆ ಸುಟ್ಟುಕೊಂಡ. ಮೂವತ್ತನಾಲ್ಕು ವರ್ಷ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ದುಡಿದು, ಕಂಟ್ರಾಕ್ಟರುಗಳಿಂದ ಹೊಸ ವರ್ಷದ ಕ್ಯಾಲೆಂಡರನ್ನೂ ಮುಟ್ಟದೆ ನಿವೃತ್ತನಾದವನು ತಾನು. ಈಗ ತನ್ನ ಹೆಂಡತಿ ಮಾಡಿದ ಕಾಫಿಯೂ ಲಂಚವಾಗಿಬಿಟ್ಟಿತು. “ಹುಡುಗಿ ಚೂಟಿಯಾಗಿದಾಳೆ ರೀ” ಎಂದು ವೀಣಾ ಒಳಗಿನಿಂದ ಹೇಳಿದಳು. ಅವಳಿಗೆ ಅವಮಾನ ಆದಂತೆಯೇ ಇರಲಿಲ್ಲ. ಆ ಎರಡನೆಯ ಲೋಟವನ್ನು ಅವಳೇ ಕುಡಿಯುತ್ತಿದ್ದಳು.

ಭದ್ರಾವತಿ ರಸ್ತೆಯಲ್ಲಿ ಮಲವಗೊಪ್ಪ ದಾಟುವವರೆಗೂ ಅವನು ರಸ್ತೆಗಿಂತ ಹೆಚ್ಚು ಕನ್ನಡಿಯನ್ನೇ ನೋಡುತ್ತ ಕಾರು ಓಡಿಸಿದ. ಬಿಳಿ ಸ್ಕೂಟರು ಒಮ್ಮೆ ಕಾಣಿಸುತ್ತಿತ್ತು, ಒಮ್ಮೆ ಬಸ್ಸಿನ ಹಿಂದೆ ಮರೆಯಾಗುತ್ತಿತ್ತು. ಮರೆಯಾದಾಗ ಎದೆ ಹಗುರಾಗುತ್ತಿತ್ತು. ಅದರ ಟೈರು ಪಂಕ್ಚರ್ ಆಗಲಿ ಎಂದು ಬೇಡಿಕೊಳ್ಳುವಷ್ಟು ಹಗುರ. ಮತ್ತೆ ಕಂಡಾಗ, ಅರವತ್ತೆರಡು ವಯಸ್ಸಿನಲ್ಲಿ ಹೀಗೆಲ್ಲ ಬೇಡಿಕೊಳ್ಳುವವನಾದೆನಲ್ಲ ಎಂದು ನಾಚಿಕೆ. ಇದಕ್ಕೆಲ್ಲ ಕಾರಣ ಆ ಲಿಂಗಮ್ಮ ಎಂದುಕೊಂಡ. ನಿವೃತ್ತ ಕಾರ್ಮಿಕರ ಸಹಕಾರ ಸಂಘದ ಕಳೆದ ವಾರ್ಷಿಕ ಸಭೆಯಲ್ಲಿ ನಡೆದದ್ದು ಅದು. ಭದ್ರಾವತಿಯ ಜನ್ನಾಪುರದಲ್ಲಿ ಸಂಘ ಕಟ್ಟಿಸುತ್ತಿದ್ದ ಸಮುದಾಯ ಭವನದ ಬಗ್ಗೆ ಅವನು ಮುಕ್ಕಾಲು ಗಂಟೆ ಮಾತಾಡಿದ್ದ. ಕೆಳಗೆ ಊಟದ ಹಾಲ್, ಮೇಲೆ ಮದುವೆಯ ಹಾಲ್, ಆರುನೂರು ಜನ ಕೂರಬಹುದು, ಉಸ್ತುವಾರಿಯೆಲ್ಲ ತನ್ನದೇ, ಸಂಬಳವಿಲ್ಲದ ಸೇವೆ. ಇನ್ನೇನು ಚಪ್ಪಾಳೆ ಬೀಳಬೇಕು, ಫರ್ನೇಸಿನಲ್ಲಿ ಕೆಲಸ ಮಾಡಿ ತೀರಿಕೊಂಡವನೊಬ್ಬನ ಹೆಂಡತಿ ಲಿಂಗಮ್ಮ ಎದ್ದು ನಿಂತಳು. “ಕಟ್ಟಿಸ್ತಿರೋರು ಯಾರು ಸಾರ್?” “ನಾನೇ ಅಮ್ಮ.” “ಸರಿಯಾಗಿ ಕಟ್ಟಿದಾರಾ ಅಂತ ನೋಡೋರು?” “ನಾನೇ.” “ನಾನು ಮಾಡಿದ ಸಾರಿಗೆ ಉಪ್ಪು ಸರಿಯಿದೆಯಾ ಅಂತ ನಾನು ಪಕ್ಕದ ಮನೆಯೋಳ ಕೈಲಿ ನೋಡಿಸ್ತೀನಪ್ಪ. ನಂಗೆ ನಾಲಿಗೆ ಇಲ್ಲ ಅಂತಲ್ಲ.” ಎಲ್ಲರೂ ನಕ್ಕರು. ಅವನೂ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಸಂಘಕ್ಕೂ ಕಟ್ಟಡಕ್ಕೂ ಸಂಬಂಧವಿಲ್ಲದ ಹೊರಗಿನ ಇಂಜಿನಿಯರೊಬ್ಬರು ನೋಡಿ ವರದಿ ಕೊಟ್ಟಮೇಲೆಯೇ ಭವನ ತೆರೆಯತಕ್ಕದ್ದು ಎಂದು ಠರಾವಾಯಿತು. ಸಂಘದ ಅಧ್ಯಕ್ಷ ಸುಬ್ಬಪ್ಪ ಆಮೇಲೆ ಅವನ ಕಿವಿಯಲ್ಲಿ, “ತಲೆಗೆ ಹಾಕ್ಕೋಬೇಡಿ ಮಾರಾಯ್ರೆ, ಅದೊಂದು ಶಾಸ್ತ್ರ ಮುಗಿಸಿಬಿಡೋಣ” ಎಂದಿದ್ದ. ಭವನದ ಮೊದಲ ಮದುವೆ ಸುಬ್ಬಪ್ಪನ ಮಗಳು ಪೂಜಿತಾಳದೇ. ಅದಕ್ಕೆ ಇನ್ನು ಹನ್ನೊಂದು ದಿನ. ಲಗ್ನಪತ್ರಿಕೆ ಮುಕ್ಕಾಲು ಹಂಚಿಯಾಗಿತ್ತು.

ಆದರೆ ಲಿಂಗಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವನಿಗೆ ಒಂದು ಆಸರೆ ಅಷ್ಟೆ. ಮಾಚೇನಹಳ್ಳಿ ಬರುವ ಹೊತ್ತಿಗೆ ಆ ಆಸರೆಯೂ ಜಾರಿ, ಆರು ತಿಂಗಳಿಂದ ಅವನನ್ನು ಒಳಗೊಳಗೇ ತಿನ್ನುತ್ತಿದ್ದ ಸೆಪ್ಟೆಂಬರಿನ ಆ ಮಧ್ಯಾಹ್ನ ಎದುರಿಗೆ ಬಂದು ಕೂತಿತು. ಮದುವೆ ಹಾಲಿನ ನೆಲಕ್ಕೆ, ಎಂದರೆ ಊಟದ ಹಾಲಿನ ಮಾಡಿಗೆ, ಛಾವಣಿಗೆ, ಕಾಂಕ್ರೀಟ್ ಹಾಕುತ್ತಿದ್ದ ದಿನ. ಬೆಳಗಿನ ಆರಕ್ಕೆ ಬಂದವನು ಒಂದೂವರೆಗೆ ಬುತ್ತಿ ಉಂಡು, ಐದು ನಿಮಿಷ ಕಾಲು ಚಾಚೋಣ ಎಂದು ಕಾರಿನಲ್ಲಿ ಕೂತ. ಎದ್ದಾಗ ಮೂರು ಗಂಟೆ ದಾಟಿತ್ತು. ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಅವನು ಓಡಿ ಮೇಲೆ ಹತ್ತಿದಾಗ ವಾಯವ್ಯದ ಮೂಲೆ ಪೂರಾ ಮುಗಿದು ಆಳುಗಳು ಮಟ್ಟ ಮಾಡುತ್ತಿದ್ದರು. ಎಷ್ಟು ನೀರು ಸುರಿದಿದ್ದರೋ, ಸಿಮೆಂಟು ಸರಿಯಾಗಿ ಬಿದ್ದಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಯಾರೂ ಏನೂ ಅನ್ನಲಿಲ್ಲ. ಸಂಜೆ ಅವನು ರಿಜಿಸ್ಟರಿನಲ್ಲಿ ‘ಇಡೀ ದಿನ ಖುದ್ದು ಹಾಜರಿದ್ದು ನೋಡಿಕೊಂಡಿದ್ದೇನೆ’ ಎಂದು ಬರೆದು ಸಹಿ ಹಾಕಿದ. ಇಷ್ಟು ವರ್ಷಗಳಲ್ಲಿ ಅವನು ಬರೆದ ಮೊದಲ ಸುಳ್ಳು. ಅಂದಿನಿಂದ ವಾರಕ್ಕೆರಡು ಸಲವಾದರೂ ಟಾರ್ಚ್ ಹಿಡಿದು ಆ ಮೂಲೆಯಲ್ಲಿ ಬಿರುಕು ಹುಡುಕುವುದೇ ಅವನ ಪೂಜೆಯಾಗಿತ್ತು. ಬಿರುಕು ಬಂದರೆ ಕಾಣಲಿ ಎಂದು ಅಲ್ಲಿ ಗಾರೆಯನ್ನೂ ಮಾಡಿಸಿರಲಿಲ್ಲ. ಕೇಳಿದವರಿಗೆ ಅಲ್ಲಿ ಏನೋ ಅಲಂಕಾರದ ದೀಪ ಬರುತ್ತದೆ ಎಂದು ಹೇಳಿದ್ದ.

ಭವನದ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಅವಳು ಆಗಲೇ ಬಂದು, ಸ್ಕೂಟರಿನ ಡಿಕ್ಕಿಯಿಂದ ಸುತ್ತಿಗೆ, ಸೀಮೆಸುಣ್ಣ, ಅಳತೆ ಟೇಪು ತೆಗೆಯುತ್ತಿದ್ದಳು. ಯಾವಾಗ ಅವನನ್ನು ದಾಟಿದಳೋ ಗೊತ್ತಾಗಿರಲಿಲ್ಲ. ಅವನು ಅವಳನ್ನು ಮೊದಲು ಮೆಟ್ಟಿಲಿನ ಕಡೆ ಕರೆದೊಯ್ಯಲು ನೋಡಿದ, ಅದರ ರೇಲಿಂಗಿನ ಬಗ್ಗೆ, ಮುದುಕರಿಗಾಗಿ ಮಾಡಿಸಿದ ಇಳಿಜಾರಿನ ಬಗ್ಗೆ, ಕೈ ತೊಳೆಯುವ ಕಡೆ ಹಾಕಿಸಿದ ಜಾರದ ಟೈಲ್ಸಿನ ಬಗ್ಗೆ ಹೇಳತೊಡಗಿದ. ಅವಳು ಎಲ್ಲಕ್ಕೂ ತಲೆಯಾಡಿಸಿ, “ಚೆನ್ನಾಗಿದೆ ಸಾರ್, ನಾನು ನೋಡ್ಕೋತೀನಿ” ಎಂದು ಊಟದ ಹಾಲಿನ ನಡುವೆ ಹೋಗಿ ನಿಂತು, ಕತ್ತು ಎತ್ತಿ ಸುತ್ತ ಒಂದು ಸಲ ನೋಡಿದಳು. ಅಷ್ಟೆ. ನೋಡಿದವಳೇ ಕೇಳಿದಳು, “ಆ ಮೂಲೇಲಿ ಯಾಕೆ ಗಾರೆ ಮಾಡಿಲ್ಲ?” ದೀಪದ ಕಥೆ ಅವನ ಬಾಯಲ್ಲಿ ಒಣಗಿತು. “ಅದು ಹಾಗೇ ಉಳ್ಕೊಂಡಿದೆ ಮೇಡಂ” ಎಂದ. ಮೇಡಂ ಎನ್ನುವುದು ಅವನಿಗೆ ಒಗ್ಗುತ್ತಿರಲಿಲ್ಲ. ತನ್ನ ಕೈಕೆಳಗೆ ತರಬೇತಿಗೆ ಬರುತ್ತಿದ್ದ ಹುಡುಗಿಯರ ವಯಸ್ಸು ಇವಳದು. ಅವರನ್ನೆಲ್ಲ ಅವನು ಏನಮ್ಮಾ ಎಂದೇ ಕರೆಯುತ್ತಿದ್ದ. ಇವಳನ್ನು ಹಾಗೆ ಕರೆದರೆ ಅದೂ ಒಂದು ಲೋಟ ಕಾಫಿಯಾಗಬಹುದು.

ಏಣಿ ತರಿಸಿದಳು. ಮಾಡಿನ ಮೇಲೆ ಸೀಮೆಸುಣ್ಣದಿಂದ ಚೌಕ ಹಾಕಿ, ಕಲ್ಲಿನಿಂದ ಉಜ್ಜಿ, ಟಾರ್ಚಿನಷ್ಟು ಉದ್ದದ ಸ್ಪ್ರಿಂಗ್ ಸುತ್ತಿಗೆಯನ್ನು ಒಂದೊಂದು ಚೌಕಕ್ಕೂ ಒತ್ತುತ್ತ ಹೋದಳು. ಕಾಂಕ್ರೀಟು ಎಷ್ಟು ಗಟ್ಟಿಯೋ ಅಷ್ಟು ದೊಡ್ಡ ಅಂಕಿ ತೋರಿಸುವ ಸಾಧನ ಅದು. ಪ್ರತಿ ಸಲ ಅದು ಟಕ್ ಎಂದಾಗ ಕೆಳಗೆ ಏಣಿ ಹಿಡಿದು ನಿಂತಿದ್ದ ಹರಿಪ್ರಸಾದ ಕಣ್ಣು ಮುಚ್ಚುತ್ತಿದ್ದ. ಈಗ ಹೇಳುತ್ತಾಳೆ. ಈಗ ಹೇಳುತ್ತಾಳೆ. ಹೇಳಿದರೆ ಏನು ಉತ್ತರ ಕೊಡುವುದು ಎಂದು ರಾತ್ರಿಯೆಲ್ಲ ಯೋಚಿಸಿದ್ದ. ಆವತ್ತು ಮೈ ಸರಿಯಿರಲಿಲ್ಲ ಎನ್ನಬಹುದು. ಬಿಪಿ ಎನ್ನಬಹುದು. ಬಿಪಿ ಇದ್ದದ್ದೂ ನಿಜವೇ, ಆದರೆ ಆವತ್ತಲ್ಲ. ಸುಬ್ಬಪ್ಪನ ಮುಖ, ಲಿಂಗಮ್ಮನ ಮುಖ, ಆ ಸಭೆಯ ನಗು. ಇಷ್ಟು ವರ್ಷ ‘ಹರಿಪ್ರಸಾದ್ ಸಾರ್ ನೋಡಿದ್ರೆ ಮುಗೀತು’ ಎಂದು ಜನ್ನಾಪುರದವರು ಹೇಳುತ್ತಿದ್ದ ಮಾತು ಇವತ್ತಿಗೆ ಕೊನೆ. ಅವನ ಆಸ್ತಿ ಎಂದರೆ ಅದೊಂದು ಮಾತೇ.

“ಒಳ್ಳೇ ಕಾಂಕ್ರೀಟು ಸಾರ್” ಎಂದಳು ಮೇಲಿನಿಂದ. ಅವನಿಗೆ ಅರ್ಥವಾಗಲಿಲ್ಲ. “ಬೇರೆ ಜಾಗದಲ್ಲೂ ನೋಡಿ ಹೇಳ್ತೀನಿ” ಎಂದು ಏಣಿಯನ್ನು ಅಲ್ಲಿಂದಿಲ್ಲಿಗೆ ಎಳೆಸುತ್ತ ಮುಕ್ಕಾಲು ಗಂಟೆ ಕಳೆದು, ಕೈ ಒರೆಸಿಕೊಳ್ಳುತ್ತ ಇಳಿದಳು. “ಎಲ್ಲಾ ಕಡೆ ಪರವಾಗಿಲ್ಲ. ಆದ್ರೆ ಆ ಮೂಲೇದು ಇಡೀ ಮಾಡಿನಲ್ಲೇ ಎಲ್ಲಕ್ಕಿಂತ ಚೆನ್ನಾಗಿದೆ. ಆವತ್ತು ಅಲ್ಲಿ ಯಾರು ನಿಂತು ಮಾಡ್ಸಿದ್ರು?” ಹರಿಪ್ರಸಾದ ಏಣಿಯನ್ನು ಗೋಡೆಗೆ ಒರಗಿಸಿದ. ತಾನು ಗೊರಕೆ ಹೊಡೆದಷ್ಟು ಹೊತ್ತು ಕೆಲಸ ಚೊಕ್ಕವಾಗಿ ನಡೆದಿತ್ತು. ತಾನು ಎದ್ದು ಬಂದು, ಕೂಗಾಡಿ, ನೀರು ಕಮ್ಮಿ ಮಾಡಿ ಜಾಸ್ತಿ ಮಾಡಿ ಎಂದ ಕಡೆಯಲ್ಲೆಲ್ಲ ಅದು ಬರೀ ಪರವಾಗಿಲ್ಲ. ನಗು ಬಂತು, ಅಳುವೂ ಬಂತು. ಆರು ತಿಂಗಳು ನಿದ್ದೆಗೆಡಿಸಿದ ಪಾಪ ಹೀಗೆ ಒಂದು ಸ್ಪ್ರಿಂಗಿನ ಟಕ್ ಟಕ್‌ಗೆ ಕರಗಿ ಹೋಯಿತಲ್ಲ ಎಂದು ಎದೆಯಲ್ಲಿ ಎಂಥದೋ ಖಾಲಿತನ. ಸಂತೋಷ ಆಗಬೇಕಿತ್ತು. ಆಯಿತು ಕೂಡ. ಅದರ ಜೊತೆಗೇ ಒಂದು ಸಣ್ಣ ಅವಮಾನವೂ ಆಯಿತು, ತನ್ನ ತಪ್ಪೂ ಯಾವ ಲೆಕ್ಕಕ್ಕೂ ಬರಲಿಲ್ಲವಲ್ಲ ಎಂದು.

ಆ ಹಗುರದಲ್ಲೇ ಅವನಿಗೆ ಮಾತು ಬಂತು. ಮಾತು ಬಂದದ್ದೇ ತಪ್ಪಾಯಿತು. “ಮೇಡಂ, ಮಾಡು ಬಿಡಿ, ಬೀಮ್ ನೋಡಿ. ಬೀಮ್ ಮಾತ್ರ ನೀವು ಕಣ್ಮುಚ್ಕೊಂಡು ಒಪ್ಕೋಬಹುದು” ಎಂದು ಅವನೇ ಅವಳನ್ನು ಹಾಲಿನ ನಡುಗಂಬದ ಹತ್ತಿರ ಕರೆದೊಯ್ದ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರಿಗೆ ಕಬ್ಬಿಣವೆಂದರೆ ಒಂದು ತೂಕ ಹೆಚ್ಚೇ. ಕಾರ್ಖಾನೆಯ ಸೈರನ್ನಿಗೆ ಎದ್ದು ಮಲಗಿದ ಊರು. ಅಲ್ಲಿ ಗೃಹಪ್ರವೇಶಕ್ಕೆ ಬಂದವರು ದೇವರ ಮನೆಗಿಂತ ಮೊದಲು ಕಂಬ ತಟ್ಟಿ, ಎಷ್ಟು ಎಂಎಂ ಕಂಬಿ ಹಾಕಿಸಿದ್ರಿ ಎಂದು ಕೇಳುತ್ತಾರೆ. ಹೆಚ್ಚು ಹೇಳಿದವನಿಗೆ ಊಟದ ಹೊತ್ತಿಗೆ ಮರ್ಯಾದೆಯೂ ಹೆಚ್ಚು. ಅವನ ಅಪ್ಪ ರೋಲಿಂಗ್ ಮಿಲ್ಲಿನಲ್ಲಿದ್ದವನು. ಸಾಯುವ ಮುಂಚೆ, ಸಿಮೆಂಟು ಪುಡಿ ಕಣೋ, ನಿಲ್ಲಿಸೋದು ಕಬ್ಬಿಣ ಎಂದು ಹೇಳಿದ್ದ. ಈ ಭವನದ ನಕ್ಷೆ ಮಾಡಿದ ಬೆಂಗಳೂರಿನವನು ಮಾಡನ್ನು ಹೊರುವ ನಡುಬೀಮಿಗೆ ನಾಲ್ಕು ಕಂಬಿ ತೋರಿಸಿದ್ದ. ನಾಲ್ಕು! ಆರುನೂರು ಜನ ಮೇಲೆ ಓಡಾಡುವ ಕಡೆ. ನಕ್ಷೆ ಮಾಡಿದವನನ್ನು ಕೇಳುವ ಗೋಜಿಗೂ ಹೋಗದೆ ಹರಿಪ್ರಸಾದ ಮೂರು ಹೆಚ್ಚಿಗೆ ಹಾಕಿಸಿದ್ದ. ಒಬ್ಬರಿಗೂ ಹೇಳಿರಲಿಲ್ಲ. ಹೇಳದೆ ಮಾಡಿದ್ದೇ ಅದರ ಸೊಗಸು ಎಂದುಕೊಂಡಿದ್ದ. ಇವತ್ತು ಹೇಳಿಬಿಟ್ಟ.

ಶ್ರೀಗೌರಿ ಥಟ್ಟನೆ ಅವನ ಮುಖ ನೋಡಿದಳು. “ನಾಲ್ಕು ಇರೋ ಕಡೆ ಏಳಾ?” ಎಂದಳು. ಏಣಿಯನ್ನು ತಾನೇ ಎಳೆದುಕೊಂಡು ಹತ್ತಿ, ಬೀಮುಗಳು ಬಂದು ಕಂಬಕ್ಕೆ ಕೂಡುವ ಗಂಟಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಬಲಕ್ಕೆ ತಟ್ಟಿದಳು, ಎಡಕ್ಕೆ ತಟ್ಟಿದಳು. ಶಬ್ದ ಬೇರೆಯಾಗಿತ್ತು, ಟೊಳ್ಳಾಗಿತ್ತು. ಅವನ ಕಿವಿಗೆ ಅದು ಬಿದ್ದ ಕೂಡಲೇ ಗೊತ್ತಾಯಿತು, ಆದರೆ ಗೊತ್ತಾದದ್ದನ್ನು ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ. “ಗಾರೆ ಬಿಟ್ಟಿರಬಹುದು” ಎಂದ. “ಇರಬಹುದು ಸಾರ್. ಒಡೆದು ನೋಡೋಣ.” ಗೋಡೆಗೆ ಬಣ್ಣ ಬಳಿಯುತ್ತಿದ್ದವರ ಪೈಕಿ ಗಾರೆ ಕೆಲಸದವನೊಬ್ಬ ಬಂದು ಉಳಿಯಿಂದ ಒಡೆದ. ಹೊಸ ಬಣ್ಣದ ಚಕ್ಕೆಗಳು ನೆಲದ ಮೇಲೆ ಬಿದ್ದವು. ಹಿಂದೆ ಕಾಂಕ್ರೀಟು ಇರಬೇಕಾದ ಕಡೆ ಬರೀ ಜಲ್ಲಿ, ಒಂದಕ್ಕೊಂದು ಅಂಟದೆ, ನಡುವೆ ಕತ್ತಲೆಯ ಸಂದುಗಳು. ಆ ಸಂದುಗಳಾಚೆ ಅವನ ಏಳು ಕಂಬಿಗಳು ಒತ್ತೊತ್ತಾಗಿ, ತುಕ್ಕು ಹಿಡಿಯಲು ಶುರುವಾಗಿ ನಿಂತಿದ್ದವು. ಶ್ರೀಗೌರಿ ಕೈಯಲ್ಲಿದ್ದ ಪೆನ್ನನ್ನು ಒಂದು ಸಂದಿಗೆ ಹಾಕಿದಳು. ಅದು ಮುಚ್ಚಳದವರೆಗೂ ಒಳಗೆ ಹೋಯಿತು. “ಕಬ್ಬಿಣಾನೇ ತುಂಬಿದ್ರೆ ಕಾಂಕ್ರೀಟು ಎಲ್ಲಿಗೆ ಹೋಗ್ಬೇಕು ಸಾರ್?” ಎಂದಳು. ಬೈಯುವ ದನಿಯಲ್ಲಿ ಅಲ್ಲ, ನಿಜಕ್ಕೂ ಕೇಳುವವಳಂತೆ. ಅದು ಅವನಿಗೆ ಇನ್ನೂ ಕಷ್ಟವಾಯಿತು.

ನಡುಬೀಮಿನ ಉಳಿದ ಮೂರು ಗಂಟುಗಳನ್ನೂ ಒಡೆಸಿದರು. ಎರಡರಲ್ಲಿ ಹಾಗೆಯೇ ಇತ್ತು. ಒಂದು ಸರಿಯಿತ್ತು, ಅದು ಹೇಗೆ ಸರಿಯಾಯಿತೋ. ಅವಳು ಇಳಿದು ಬಂದು ನೀರು ಕುಡಿದಳು, ತನ್ನದೇ ಬಾಟಲಿಯಿಂದ. “ನಿಮಗೆ ಗೊತ್ತಿರೋದೇ. ಕಬ್ಬಿಣ ಕಮ್ಮಿ ಇರೋ ಬೀಮು ಬಿರುಕು ಬಿಟ್ಟು, ಬಾಗಿ, ಮೊದಲೇ ಹೇಳುತ್ತೆ. ಜಾಸ್ತಿ ಇರೋದು ಹೇಳದೇ ಕೇಳದೇ ಮುರಿಯುತ್ತೆ. ಅದ್ರ ಮೇಲೆ ಈ ಗಂಟು ಬೇರೆ ಟೊಳ್ಳು. ಮದುವೇಲಿ ಜನ ವಾಲಗಕ್ಕೆ ಕುಣಿದ್ರೆ ನಾನು ಕೆಳಗೆ ಊಟಕ್ಕೆ ಕೂರಲ್ಲ.” ಅವನಿಗೆ ಗೊತ್ತಿತ್ತು. ಎರಡನೆಯ ವರ್ಷದ ಡಿಪ್ಲೊಮಾದಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿ, ಪೂರ್ತಿ ಅಂಕ ತೆಗೆದಿದ್ದ ಪ್ರಶ್ನೆ ಅದು. ಬಾಯಿಪಾಠ ಮಾಡಿದ್ದು ಒಂದು ಕಡೆ ಇತ್ತು, ಅಪ್ಪ ಹೇಳಿದ್ದು ಇನ್ನೊಂದು ಕಡೆ ಇತ್ತು, ನಲವತ್ತು ವರ್ಷ ಒಂದಕ್ಕೊಂದು ಭೇಟಿಯಾಗದೆ ಅವನೊಳಗೆ ಬಾಳಿದ್ದವು. ಆರು ತಿಂಗಳು ಅವನು ಟಾರ್ಚ್ ಬಿಟ್ಟದ್ದು ವಾಯವ್ಯದ ಮೂಲೆಗೆ. ಪ್ರತಿ ಸಲವೂ ಈ ನಡುಗಂಬಕ್ಕೆ ಬೆನ್ನು ಒರಗಿಸಿಕೊಂಡೇ ನಿಂತು ಟಾರ್ಚ್ ಬಿಟ್ಟಿದ್ದ.

“ಕಂಬಿ ಕಟ್ಟಿದೋರು ಯಾರೂ ಏನೂ ಹೇಳ್ಲಿಲ್ವಾ?” ಎಂದು ಅವಳು ಬರೆಯುತ್ತಲೇ ಕೇಳಿದಳು. “ಜಾಗ ಸಾಲ್ತಿಲ್ಲ ಅಂತ ಅವರಿಗೆ ಕೈಗೇ ಗೊತ್ತಾಗಿರುತ್ತಲ್ಲ.” “ಇಲ್ಲ” ಎಂದ ಹರಿಪ್ರಸಾದ. ಯೋಚಿಸದೆ, ನೊಣ ಓಡಿಸಿದಷ್ಟು ಸಲೀಸಾಗಿ ಅಂದುಬಿಟ್ಟ. ಅವಳು ‘ಕೆಲಸಗಾರರಿಂದ ಯಾವ ಆಕ್ಷೇಪವೂ ಬಂದಿಲ್ಲ’ ಎಂದು ಬರೆದುಕೊಂಡಳು. ಬರೆಯುವ ಪೆನ್ನಿನ ತುದಿಯನ್ನು ನೋಡುತ್ತಿದ್ದ ಹಾಗೆಯೇ ಅವನ ಕಣ್ಣೆದುರು ಕಂಬಿ ಕಟ್ಟುವ ಹಯಾತನ ಕೈ ಬಂತು. ಆಗಸ್ಟಿನ ಒಂದು ಬೆಳಗ್ಗೆ, ಇದೇ ಗಂಟಿನ ಹತ್ತಿರ, ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕಂಬಿಗಳ ನಡುವೆ ತೋರುಬೆರಳು ತೂರಿಸಲು ನೋಡಿ, ಆಗದೆ, ಅವನ ಕಡೆ ತಿರುಗಿ, “ಸಾರ್, ಬೆರಳೇ ಹೋಗ್ತಿಲ್ಲ. ಜಲ್ಲಿ ಹೆಂಗೆ ಹೋಗುತ್ತೆ? ಎರಡು ತೆಗೆದ್ಬಿಡ್ಲಾ?” ಎಂದಿದ್ದ. ತಮಿಳು ಮಾತಾಡುವ ಆಳುಗಳು, ಹಲಗೆ ಹೊಡೆಯುವವರು, ಎಲ್ಲರೂ ಇದ್ದರು. ಹರಿಪ್ರಸಾದನಿಗೆ ಆ ಹೊತ್ತಿನಲ್ಲಿ ಅದು ತನ್ನ ಅಪ್ಪನಿಗೆ ಎದುರು ಹೇಳಿದಂತೆ ಕೇಳಿಸಿತು. “ತೆಗೆದ ಕಂಬಿ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತಿಲ್ವೇನೋ? ಗುಜರಿ ಅಂಗಡಿ ದಾರಿ ನಂಗೂ ಗೊತ್ತು. ಹೇಳಿದಷ್ಟು ಕಟ್ಟು” ಎಂದಿದ್ದ. ಯಾರೋ ಕಿಸಕ್ಕನೆ ನಕ್ಕರು. ಹನ್ನೊಂದು ವರ್ಷದಿಂದ ಅವನು ಕರೆದ ಕಡೆಯೆಲ್ಲ ಬಂದು ಕಂಬಿ ಕಟ್ಟಿದವನು ಹಯಾತ್. ಒಂದು ತುಂಡು ತಂತಿ ಕೂಡ ಆಚೆ ಹೋಗಿರಲಿಲ್ಲ. ಅವನು ಮರುಮಾತಾಡದೆ ಕಟ್ಟಿದ, ಕಟ್ಟಿ ಮುಗಿಸಿದ, ಆಮೇಲೆ ಮೇಲಿನ ಕೆಲಸಕ್ಕೆ ಕರೆದಾಗ ಹೊಳೆಹೊನ್ನೂರಿನಲ್ಲಿ ಬೇರೆ ಕೆಲಸ ಹಿಡಿದಿದೀನಿ ಸಾರ್ ಎಂದ. ಇದಷ್ಟನ್ನೂ ಹರಿಪ್ರಸಾದ ಮರೆತಿರಲಿಲ್ಲ. ಮರೆತಿದ್ದರೆ ಇಲ್ಲ ಎಂದು ಅಷ್ಟು ಬೇಗ ಹೇಳಲು ಬರುತ್ತಿರಲಿಲ್ಲ.

ಸುದ್ದಿ ಮುಟ್ಟಿದ ಅರ್ಧ ಗಂಟೆಯಲ್ಲಿ ಸುಬ್ಬಪ್ಪ ಬಂದ. ಕೈಯಲ್ಲಿ ಇನ್ನೂ ಹಂಚದೆ ಉಳಿದ ಪತ್ರಿಕೆಗಳ ಕಟ್ಟು. ಒಡೆದ ಗಂಟನ್ನು ಕತ್ತೆತ್ತಿ ನೋಡಿದ, ಶ್ರೀಗೌರಿ ಹೇಳಿದ್ದನ್ನು ಕೇಳಿದ, ಅರ್ಥವಾದಷ್ಟು ಅರ್ಥ ಮಾಡಿಕೊಂಡು ಹರಿಪ್ರಸಾದನನ್ನು ಹೊರಗೆ ಕರೆದು ತೋಳು ಹಿಡಿದುಕೊಂಡ. “ನೋಡಿ, ಆ ಹುಡುಗಿ ನಿನ್ನೆ ಮೊನ್ನೆ ಓದಿ ಬಂದಿರೋಳು. ನೀವು ಇಂಥದ್ದು ಎಷ್ಟು ನೋಡಿದೀರಿ. ಅಲ್ಲಿ ಸ್ವಲ್ಪ ಸಿಮೆಂಟು ಮೆತ್ತಿ ಮುಚ್ಚಿದ್ರೆ ಆಗಲ್ವಾ? ಒಂದೇ ಒಂದು ಮದುವೆ ಮಾರಾಯ್ರೆ, ಆಮೇಲೆ ಏನು ಬೇಕಾದ್ರೂ ರಿಪೇರಿ ಮಾಡ್ಸೋಣ. ಅವಳು ಏನೇ ಬರೀಲಿ, ನೀವು ಸರಿಯಿದೆ ಅಂತ ಒಂದು ಮಾತು ಹೇಳಿ ಸಾಕು. ಕಮಿಟಿ ನಿಮ್ಮ ಮಾತು ನಂಬುತ್ತೆ, ಅವಳದ್ದಲ್ಲ.” ಅದು ನಿಜ ಎಂದು ಹರಿಪ್ರಸಾದನಿಗೆ ಗೊತ್ತಿತ್ತು. ಹೊರಗಿನವರ ವರದಿ ಎಂದರೆ ಒಂದು ಕಾಗದ. ಅದನ್ನು ಎತ್ತಿ ಹಿಡಿಯುವುದೂ ಮಡಚಿ ಬೀರುವಿನಲ್ಲಿ ಇಡುವುದೂ ಒಳಗಿನವರ ಕೈಯಲ್ಲಿತ್ತು. ಈಗ ಅದು ಅವನೊಬ್ಬನ ಕೈಯಲ್ಲಿತ್ತು. ಸುಬ್ಬಪ್ಪನ ಹಿಡಿತ ಬಿಗಿಯಾಗಿತ್ತು. ಒಬ್ಬಳೇ ಮಗಳು. ಈ ಮನುಷ್ಯನಿಗೆ ಬೇಡ ಎನ್ನುವುದು ಹೇಗೆ? “ಪೂಜಿತಾ ಆ ಗಂಟಿನ ಕೆಳಗೇ ಊಟಕ್ಕೆ ಕೂರ್ತಾಳೆ ಸುಬ್ಬಪ್ಪ” ಎಂದ ಕೊನೆಗೆ. “ಮೇಲೆ ನಿಮ್ಮ ಬೀಗರು ಇರ್ತಾರೆ. ಸರಿಯಿಲ್ಲ ಅದು. ಅವಳು ಹೇಳಿದ್ದೇ ನಿಜ. ಮದುವೆ ಇಲ್ಲಿ ಬೇಡ.”

ಸುಬ್ಬಪ್ಪ ತೋಳು ಬಿಟ್ಟ. ಪತ್ರಿಕೆಯ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಸಿಟ್ಟಿಗೆ ಒಂದು ಜಾಗ ಹುಡುಕಿದ. “ಕಟ್ಟಿದೋನು ಯಾರು? ಆ ಹಯಾತ್ ತಾನೇ? ಸರಿಯಾಗಿ ಕಟ್ಟೋಕೆ ಬರದೇ ಇರೋರನ್ನೆಲ್ಲ ಕರ್ಕೊಂಡು ಬಂದ್ರೆ ಇನ್ನೇನಾಗುತ್ತೆ. ಕಮಿಟಿಗೆ ಹಾಗೇ ಹೇಳ್ತೀನಿ. ನೀವು ಇದ್ರಲ್ಲಿ ಬರಬೇಡಿ, ನಿಮ್ಮ ಹೆಸರು ಯಾಕೆ ಹಾಳಾಗ್ಬೇಕು. ಅವನ ಮೇಲೆ ಒಂದು ಕಂಪ್ಲೇಂಟ್ ಕೊಟ್ರೆ ಜನಕ್ಕೂ ಒಂದು ಉತ್ತರ ಸಿಗುತ್ತೆ.” ಹರಿಪ್ರಸಾದ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಅವನ ಶಕ್ತಿಯೆಲ್ಲ ಮದುವೆ ಬೇಡ ಎಂಬ ಮಾತಿಗೇ ಖರ್ಚಾದಂತಿತ್ತು. ಒಂದು ದಿನಕ್ಕೆ ಒಬ್ಬ ಮನುಷ್ಯ ಎಷ್ಟು ಸತ್ಯ ಹೇಳಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಬ್ಬಪ್ಪ ಬೇರೆ ಛತ್ರ ಹುಡುಕಲು ಹೊಸಮನೆ ಬಡಾವಣೆಯ ಕಡೆ ಬೈಕ್ ತಿರುಗಿಸಿದ.

ಹರಿಪ್ರಸಾದ ಹೋಗಿ ಕಾರಿನಲ್ಲಿ ಕೂತ. ಕೂರಲಾಗದೆ ಇಳಿದ. ಭವನಕ್ಕೆ ಒಂದು ಸುತ್ತು ಬಂದ. ಹಿಂಬದಿಯಲ್ಲಿ ಉಳಿದ ಕಂಬಿಯ ತುಂಡುಗಳ ರಾಶಿ ಇತ್ತು. ಅದರಿಂದ ಒಂದು ತುಂಡನ್ನೂ ಯಾರೂ ಒಯ್ದಿರಲಿಲ್ಲ. ಯಾರಾದರೂ ಒಯ್ದಿದ್ದರೆ ಅವನಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಕಾರಿನಲ್ಲಿ ನಿದ್ದೆ ಹೋದದ್ದನ್ನು ಆರು ತಿಂಗಳು ಪಾಪವೆಂದು ಮುದ್ದಾಗಿ ಸಾಕಿಕೊಂಡೆನಲ್ಲ ಎಂದುಕೊಂಡ. ಅದು ಒಬ್ಬನೇ ಕೂತು ಅನುಭವಿಸಬಹುದಾದ ಪಾಪ, ಅದರಲ್ಲಿ ಇನ್ನೊಬ್ಬರ ಮುಖ ನೋಡಬೇಕಾಗಿರಲಿಲ್ಲ. ಇನ್ನೊಬ್ಬರ ಮುಖ ಇದ್ದದ್ದನ್ನು ಅವನು ಪಾಪದ ಪಟ್ಟಿಗೇ ಸೇರಿಸಿರಲಿಲ್ಲ. ಆಳನ್ನು ಗದರುವುದು ಕೆಲಸದ ಭಾಗ. ಗದರದಿದ್ದರೆ ಕೆಲಸ ಆಗುವುದುಂಟೇ. ಹೀಗೆ ಎಂದುಕೊಳ್ಳುತ್ತಲೇ ಎರಡನೆಯ ಸುತ್ತು ಬಂದ, ಮೂರನೆಯ ಸುತ್ತಿನಲ್ಲಿ ಅವನ ಕಾಲುಗಳು ಅವನನ್ನು ಕೇಳದೆ ಊಟದ ಹಾಲಿನೊಳಗೆ ತಿರುಗಿದವು. ಶ್ರೀಗೌರಿ ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು.

“ಅಲ್ಲೊಂದು ತಿದ್ದಬೇಕಮ್ಮ” ಎಂದ. ಮೇಡಂ ಎನ್ನಲು ಮರೆತಿತ್ತು. “ಕಂಬಿ ಕಟ್ಟಿದೋನು ಹೇಳಿದ್ದ. ಜಾಗ ಇಲ್ಲ, ಎರಡು ತೆಗೀಲಾ ಅಂತ ಕೇಳಿದ್ದ. ನಾನೇ ಎಲ್ಲರ ಎದುರಿಗೆ ಕಳ್ಳ ಅನ್ನೋ ಥರ ಮಾತಾಡಿ ಕಟ್ಟಿಸ್ದೆ.” ಅವಳು ತಲೆ ಎತ್ತಿ ನೋಡಿದಳು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ, ಮೆಚ್ಚಿಕೊಂಡಂತೆಯೂ ಇಲ್ಲ. ಬರೆದಿದ್ದ ಸಾಲನ್ನು ಹೊಡೆದು ಹಾಕಿದಳು. “ಹಾಗಿದ್ರೆ ಹೆಸರು ಹಾಕಿ ಬರೀತೀನಿ ಸಾರ್. ಹೆಸರಿದ್ರೆ ನಾಳೆ ಯಾರೂ ಅವರ ಮೇಲೆ ಹೊರಿಸೋಕೆ ಆಗಲ್ಲ. ಪೂರ್ತಿ ಹೆಸರು ಹೇಳಿ.” “ಹಯಾತ್.” “ಹಯಾತ್ ಅಂದ್ರೆ? ಮುಂದೆ, ಹಿಂದೆ ಏನಾದ್ರೂ ಇರುತ್ತಲ್ಲ. ತಂದೆ ಹೆಸರು?” ಹನ್ನೊಂದು ವರ್ಷ. ಹಯಾತ್ ಬಗ್ಗಿಸಿದ ಕಂಬಿಯ ಕೊಕ್ಕೆಯನ್ನು ನೂರು ಜನರ ಕೊಕ್ಕೆಗಳ ನಡುವೆ ಗುರುತಿಸಬಲ್ಲ ಹರಿಪ್ರಸಾದನಿಗೆ ಅವನ ಹೆಸರು ಅಷ್ಟೇ ಗೊತ್ತಿತ್ತು. ಫೋನಿನಲ್ಲಿ ಅವನ ನಂಬರು ‘ಹಯಾತ್ ಕಂಬಿ’ ಎಂದಿತ್ತು.

ಆ ನಂಬರು ಒತ್ತಿದ. ನಾಲ್ಕು ಸಲ ರಿಂಗಾದ ಮೇಲೆ ಹಯಾತ್ ಎತ್ತಿದ. ಹಿಂದೆ ಕಂಬಿ ಕತ್ತರಿಸುವ ಯಂತ್ರದ ಸದ್ದು. “ಹೇಳಿ ಸಾರ್” ಎಂದ, ಏನೂ ಆಗಿರದವನ ಹಾಗೆ, ಅದೇ ಮರ್ಯಾದೆಯಲ್ಲಿ. ಶ್ರೀಗೌರಿಗೂ ಕೇಳಲಿ ಎಂದು ಹರಿಪ್ರಸಾದ ಸ್ಪೀಕರ್ ಒತ್ತಿದ. “ಹಯಾತ್, ನಿನ್ನ ಪೂರ್ತಿ ಹೆಸರು ಹೇಳಪ್ಪ. ತಂದೆ ಹೆಸರೂ ಹೇಳು. ಭವನದ ಬಗ್ಗೆ ಇಂಜಿನಿಯರ್ ಮೇಡಂ ವರದಿ ಬರೀತಿದಾರೆ, ಅದ್ರಲ್ಲಿ ಹಾಕ್ಬೇಕು.” ಆ ಕಡೆ ಯಂತ್ರ ನಿಂತಿತು. “ನನ್ನಿಂದ ಏನ್ ತಪ್ಪಾಯ್ತು ಸಾರ್?” “ನಿನ್ನದಲ್ಲ. ತಪ್ಪು ನಂದು. ನೀನು ಆವತ್ತು ಹೇಳಿದ್ದೇ ಸರಿ, ನಾನು ಕೇಳ್ಲಿಲ್ಲ, ನಿನಗೆ ಅನ್ನಬಾರದ್ದು ಅಂದೆ. ಅದನ್ನೇ ಬರೆಸ್ತಿದೀನಿ.” ಇಷ್ಟು ಹೇಳಿದರೆ ಮುಗಿಯಿತು ಎಂದು ಹರಿಪ್ರಸಾದ ತಿಳಿದಿದ್ದ. ಹಯಾತ್ ತಗ್ಗಿದ ದನಿಯಲ್ಲಿ, ಒಂದು ಮಾತನ್ನೂ ನಂಬದವನಾಗಿ, “ಮನೇಲಿ ಮೂರು ಮಕ್ಕಳಿದಾವೆ ಸಾರ್” ಎಂದ. “ಬೇಕಾದ್ರೆ ಬಂದು ಪುಕ್ಕಟೆ ಕೆಲಸ ಮಾಡಿಕೊಡ್ತೀನಿ. ಹೆಸರು ಮಾತ್ರ ಬರೀಬೇಡಿ ಸಾರ್, ದಮ್ಮಯ್ಯ.”